ಅರ್ಥ ಕೊನೆಗೆ ಬರಲಿ: ಶಾಲೆಯ ಇಂಗ್ಲಿಷ್ ಪದ್ಯ, ನಾಟಕ, ಭಾಷಣ ಓದುವ ಹಂತಗಳು

ಹತ್ತನೇ ತರಗತಿ, ಪಿಯುಸಿ ಮಕ್ಕಳ ಇಂಗ್ಲಿಷ್ ಉತ್ತರ ಪತ್ರಿಕೆಗಳಲ್ಲಿ ಒಂದೇ ತಪ್ಪು ಮತ್ತೆ ಮತ್ತೆ ಸಿಗುತ್ತದೆ. ಪದ್ಯ ಯಾವುದೇ ಇರಲಿ, ಉತ್ತರ ಮಾತ್ರ ಇದೇ: 'ಕವಿ ಇಲ್ಲಿ ಜೀವನದ ಮಹತ್ವವನ್ನು ಸುಂದರವಾಗಿ ವರ್ಣಿಸಿದ್ದಾರೆ.' ಸ್ಪೆಲ್ಲಿಂಗ್ ಸರಿ, ಗ್ರಾಮರ್ ಸರಿ. ಪದ್ಯ ಮಾತ್ರ ನಾಪತ್ತೆ.

ಈ ಮಕ್ಕಳು ಓದಿಲ್ಲ ಅಂತಲ್ಲ. ಓದಿದ ಕ್ರಮ ತಿರುಗುಮುರುಗಾಗಿದೆ. ಮೊದಲು ಗೈಡಿನ ಸಾರಾಂಶ ಬಾಯಿಪಾಠ, ಆಮೇಲೆ ಪುರುಸೊತ್ತಿದ್ದರೆ ಪದ್ಯ. ಸಾರಾಂಶ ಒಮ್ಮೆ ತಲೆಗೆ ಹೊಕ್ಕರೆ ಪದ್ಯದಲ್ಲಿ ಬೇರೇನೂ ಕಾಣುವುದಿಲ್ಲ. ಕೆಳಗಿನ ಹಂತಗಳಲ್ಲಿ ಅರ್ಥ ಕೊನೆಗೆ ಬರುತ್ತದೆ. ದಯವಿಟ್ಟು ಹಂತ ಹಾರಿಸಬೇಡಿ. ಹಾರಿಸಿದವರು ಎಲ್ಲಿ ಬೀಳುತ್ತಾರೆ ಅನ್ನುವುದನ್ನೂ ಅಲ್ಲಲ್ಲೇ ಹೇಳಿದ್ದೇನೆ.

## ಕೂರುವ ಮುಂಚೆ ಕೈಯಲ್ಲಿ ಏನಿರಬೇಕು

ಪಾಠದ ಎರಡು ಜೆರಾಕ್ಸ್ ಪ್ರತಿ. ಒಂದರ ಮೇಲೆ ಗೀಚಲು, ಇನ್ನೊಂದನ್ನು ಮರುದಿನ ಹೊಸದಾಗಿ ಓದಲು. ಪಠ್ಯಪುಸ್ತಕದ ಮೇಲೆ ಬರೆಯಲು ಮಕ್ಕಳು ಹೆದರುತ್ತಾರೆ, ಜೆರಾಕ್ಸ್ ಆದರೆ ಆ ಹೆದರಿಕೆ ಇಲ್ಲ.

ಪೆನ್ಸಿಲ್ ಬೇಕು, ಪೆನ್ ಬೇಡ. ಮೊದಲ ಓದಿನ ಅರ್ಧ ಊಹೆ ತಪ್ಪೇ ಆಗಿರುತ್ತದೆ, ಅಳಿಸಲು ಬರಬೇಕು.

ಒಂದು ಇಂಗ್ಲಿಷ್–ಇಂಗ್ಲಿಷ್ ನಿಘಂಟು, ಒಂದು ಇಂಗ್ಲಿಷ್–ಕನ್ನಡ ನಿಘಂಟು. ಒಂದು ಪದಕ್ಕೆ ಇರುವ ನಾಲ್ಕೈದು ಅರ್ಥಗಳನ್ನೂ ಸಾಲಾಗಿ ಕೊಡುವಂಥದ್ದು ಇರಲಿ. ಮೊಬೈಲಿನ ಅನುವಾದ ಆ್ಯಪ್ ಹೆಚ್ಚಾಗಿ ಒಂದೇ ಅರ್ಥ ಕೊಟ್ಟು ಸುಮ್ಮನಾಗುತ್ತದೆ. ಪದ್ಯದಲ್ಲಿ ಮೋಸ ಆಗುವುದು ಅಲ್ಲೇ.

ಗೈಡ್ ಇದ್ದರೆ ಪಕ್ಕದ ಕೋಣೆಯಲ್ಲಿರಲಿ. ಸುಟ್ಟುಬಿಡಿ ಅನ್ನುತ್ತಿಲ್ಲ. ಎಲ್ಲ ಹಂತ ಮುಗಿದ ಮೇಲೆ ನಿಮ್ಮ ಉತ್ತರವನ್ನು ಅದರ ಜೊತೆ ಹೋಲಿಸಿ, ತಪ್ಪೇನಿಲ್ಲ.

## ಹಂತ 1: ಯಾರು, ಯಾರಿಗೆ, ಯಾವ ಗಳಿಗೆಯಲ್ಲಿ

ಹಾಳೆಯ ತಲೆಯಲ್ಲಿ ಮೂರು ಸಾಲು ಬರೆಯಿರಿ: ಮಾತಾಡುತ್ತಿರುವವರು ಯಾರು? ಕೇಳುತ್ತಿರುವವರು ಯಾರು? ಈ ಮಾತಿಗೆ ಸ್ವಲ್ಪ ಮುಂಚೆ ಏನಾಯಿತು? ಪದ್ಯ, ನಾಟಕ, ಭಾಷಣ ಮೂರಕ್ಕೂ ಇದೇ ಬಾಗಿಲು.

ಪದ್ಯದಲ್ಲಿ 'ಐ' ಎಂದು ಕಂಡ ತಕ್ಷಣ ಅದು ಕವಿಯೇ ಎಂದು ಹಿಡಿಯಬೇಡಿ. ಗಂಡಸರು ಹೆಣ್ಣಿನ ದನಿಯಲ್ಲಿ ಬರೆದ ಭಾವಗೀತೆ ನಮ್ಮಲ್ಲಿ ಎಷ್ಟಿಲ್ಲ? ಅದನ್ನು ಕೇಳಿ ಕವಿ ತವರಿಗೆ ಹೊರಟ ಅಂತ ಯಾರೂ ಅನ್ನುವುದಿಲ್ಲ. ಇಂಗ್ಲಿಷ್ ಪದ್ಯಕ್ಕೆ ಬಂದಾಗ ಮಾತ್ರ ಈ ತಿಳಿವಳಿಕೆ ಮರೆತುಹೋಗುತ್ತದೆ. 'ಕವಿ ಹೇಳುತ್ತಾರೆ' ಬದಲು 'ಹೇಳುವವನು' ಎಂದು ಬರೆಯುವ ಅಭ್ಯಾಸ ಮಾಡಿಕೊಳ್ಳಿ. ಇಂಗ್ಲಿಷಿನಲ್ಲಿ ಅದಕ್ಕೆ 'ದಿ ಸ್ಪೀಕರ್' ಎನ್ನುತ್ತಾರೆ. ಈ ಒಂದು ಪದ ಬದಲಿಸಿದರೆ ಯೋಚನೆಯೂ ಬದಲಾಗುತ್ತದೆ.

ಮೂರನೇ ಪ್ರಶ್ನೆಯನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಅದರ ಬೆಲೆ ಎಷ್ಟು ಅನ್ನುವುದಕ್ಕೆ ಕರ್ನಾಟಕದ ಹತ್ತನೇ ತರಗತಿಗೆ ಪದ್ಯವಾಗಿ ಬಂದ 'ಕ್ವಾಲಿಟಿ ಆಫ್ ಮರ್ಸಿ' ನೋಡಿ. ಅದು ಬಿಡಿ ಪದ್ಯವಲ್ಲ. ಶೇಕ್ಸ್‌ಪಿಯರನ 'ದಿ ಮರ್ಚೆಂಟ್ ಆಫ್ ವೆನಿಸ್' ನಾಟಕದ ನಾಲ್ಕನೇ ಅಂಕ, ಮೊದಲ ದೃಶ್ಯದ ಒಂದು ಮಾತು. ಕೋರ್ಟು ನಡೆಯುತ್ತಿದೆ. 3000 ಡಕೆಟ್ (ಆ ಕಾಲದ ಚಿನ್ನದ ನಾಣ್ಯ) ಸಾಲ ತೀರಿಲ್ಲ. ಪತ್ರದಲ್ಲಿ ಬರೆದಂತೆ ಸಾಲಗಾರ ಆಂಟೋನಿಯೋನ ಮೈಯಿಂದ ಒಂದು ಪೌಂಡ್ ಮಾಂಸ ಬೇಕು ಎಂದು ಸಾಲ ಕೊಟ್ಟ ಶೈಲಾಕ್ ಪಟ್ಟು ಹಿಡಿದಿದ್ದಾನೆ. ವಕೀಲನ ವೇಷದಲ್ಲಿ ಬಂದ ಪೋರ್ಶಿಯಾ 'ಹಾಗಾದರೆ ನೀನು ದಯೆ ತೋರಿಸಲೇಬೇಕು' ಎನ್ನುತ್ತಾಳೆ. ಶೈಲಾಕ್ ತಿರುಗಿ ಕೇಳುತ್ತಾನೆ: ಯಾವ ಬಲವಂತಕ್ಕೆ ತೋರಿಸಬೇಕು, ಹೇಳು.

ಆ ಪ್ರಶ್ನೆಗೆ ಉತ್ತರವೇ ನಮ್ಮ ಪದ್ಯದ ಮೊದಲ ಸಾಲು. ಅಲ್ಲಿರುವ 'ಸ್ಟ್ರೇನ್ಡ್' ಎಂದರೆ ಬಲವಂತ ಮಾಡಿದ್ದು. ದಯೆ ಬಲವಂತದಿಂದ ಬರುವಂಥದ್ದಲ್ಲ ಎಂದು ಆಕೆ ಅವನ ಮಾತನ್ನೇ ಹಿಡಿದು ಉತ್ತರಿಸುತ್ತಾಳೆ. ಮುಂಚಿನ ಒಂದು ಸಾಲು ಗೊತ್ತಿಲ್ಲದ ಹುಡುಗ ಈ ಪದವನ್ನು 'ಸೋಸಿದ್ದು' ಎಂದುಕೊಳ್ಳುತ್ತಾನೆ. ಟೀ ಸೋಸುವ ಸ್ಟ್ರೇನರ್ ಮನೆಯಲ್ಲೇ ಇದೆಯಲ್ಲ, ಅವನದೂ ತಪ್ಪಲ್ಲ.

ಎಚ್ಚರಿಕೆಯ ಗುರುತು: 'ಯಾರಿಗೆ' ಎಂಬಲ್ಲಿ 'ಓದುಗರಿಗೆ' ಅಥವಾ 'ಸಮಾಜಕ್ಕೆ' ಎಂದು ಬರೆದಿದ್ದರೆ ನಿಲ್ಲಿ. ಹತ್ತರಲ್ಲಿ ಎಂಟು ಸಲ ಅಲ್ಲಿ ಬೇರೆ ಯಾರೋ ನಿಂತಿರುತ್ತಾರೆ.

## ಹಂತ 2: ಕಷ್ಟದ ಪದ ಬಿಡಿ, ಸುಲಭದ ಪದ ಹುಡುಕಿ

ಕಷ್ಟದ ಪದಗಳ ಅರ್ಥ ಪಾಠದ ಕೊನೆಯಲ್ಲೇ ಇರುತ್ತದೆ. ಕಾಲಿಗೆ ತೊಡರುವುದು ಗೊತ್ತಿದೆ ಅಂದುಕೊಂಡ ಪದಗಳು.

ರಾಬರ್ಟ್ ಫ್ರಾಸ್ಟ್ ಬರೆದ 'ದಿ ರೋಡ್ ನಾಟ್ ಟೇಕನ್' ಸಿಬಿಎಸ್‌ಇ ಮಕ್ಕಳು ಒಂಬತ್ತನೇ ತರಗತಿಯಲ್ಲಿ ಎಷ್ಟೋ ವರ್ಷ ಓದಿದ ಪದ್ಯ. ಅದರಲ್ಲಿ ಒಂದು ದಾರಿಯ ಬಗ್ಗೆ 'ವಾಂಟೆಡ್ ವೇರ್' ಎಂದಿದೆ. 'ವಾಂಟ್' ಅಂದರೆ ಬೇಕು, 'ವೇರ್' ಅಂದರೆ ಬಟ್ಟೆ ತೊಡು. ಎರಡೂ ಒಂದನೇ ಕ್ಲಾಸಿನ ಪದ. ಕೂಡಿಸಿದರೆ ತಲೆಬುಡ ಇಲ್ಲ. ಇಲ್ಲಿ 'ವಾಂಟ್' ಎಂದರೆ ಕೊರತೆ ಇರುವುದು, 'ವೇರ್' ಎಂದರೆ ಸವೆತ. ಜನ ನಡೆದು ಸವೆದಿರಲಿಲ್ಲ ಎಂದು ಅರ್ಥ. ಅದೇ ಸಾಲುಗಳಲ್ಲಿ ಬರುವ 'ಫೇರ್' ನ್ಯಾಯವಲ್ಲ, ನೋಡಲು ಚೆನ್ನಾಗಿದೆ ಅನ್ನುವುದು.

ಮಾಡಬೇಕಾದ್ದು ಇಷ್ಟು. ನಿಮಗೆ ಗೊತ್ತಿರುವ ಅರ್ಥ ಹಾಕಿದಾಗ ಸಾಲು ವಿಚಿತ್ರವಾಗುವ ಪದಗಳಿಗೆ ಸುತ್ತು ಹಾಕಿ. ನಿಘಂಟಿನಲ್ಲಿ ಆ ಪದದ ಎರಡನೇ, ಮೂರನೇ ಅರ್ಥ ನೋಡಿ. ಒಂದು ಪುಟಕ್ಕೆ ನಾಲ್ಕು ಪದ ಸಾಕು. ಪ್ರತಿ ಪದದ ಮೇಲೂ ಕನ್ನಡ ಬರೆದು ಹಾಳೆ ತುಂಬಿಸಿದರೆ ಆಮೇಲೆ ನೀವು ಓದುವುದು ಆ ಕನ್ನಡವನ್ನೇ, ಪದ್ಯವನ್ನಲ್ಲ.

## ಹಂತ 3: ಪದ್ಯ ಎಲ್ಲಿ ಹೊರಳುತ್ತದೆ ನೋಡಿ

ಈಗ ಪದ್ಯವನ್ನು ಎರಡು ಸಲ ಗಟ್ಟಿಯಾಗಿ ಓದಿ. ಸಾಲಿನ ಕೊನೆಯಲ್ಲಿ ನಿಲ್ಲಬೇಡಿ, ವಾಕ್ಯ ಮುಗಿದಲ್ಲಿ ನಿಲ್ಲಿ. ಮಗ್ಗಿ ಒಪ್ಪಿಸಿದ ಹಾಗೆ ಸಾಲು ಸಾಲಿಗೂ ನಿಂತರೆ ಅರ್ಧ ವಾಕ್ಯಕ್ಕೆ ಅರ್ಥ ಹುಡುಕುವ ಗತಿ ಬರುತ್ತದೆ.

ಓದುವಾಗ 'ಬಟ್', 'ಯೆಟ್', 'ದೋ' ಎಂಬ ಪದಗಳಿಗೆ ಬಾಣದ ಗುರುತು ಹಾಕಿ. ಕ್ರಿಯಾಪದದ ಕಾಲ ಬದಲಾದಲ್ಲಿ ಅಡ್ಡಗೆರೆ ಎಳೆಯಿರಿ. ಪದ್ಯ ಹೊರಳುವುದು ಹೆಚ್ಚಾಗಿ ಅಲ್ಲೇ.

ಫ್ರಾಸ್ಟನ ಪದ್ಯವನ್ನು ಮೊದಲ ಕೆಲವು ವರ್ಷ ನಾನೇ ತಪ್ಪಾಗಿ ಪಾಠ ಮಾಡಿದೆ. 'ಯಾರೂ ಹೋಗದ ದಾರಿ ಹಿಡಿಯಿರಿ, ಗೆಲ್ಲುತ್ತೀರಿ' ಅಂತ ಬೋರ್ಡಿನ ಮೇಲೆ ದೊಡ್ಡದಾಗಿ ಬರೆದದ್ದೂ ಉಂಟು. ಒಂದು ದಿನ ಹಿಂದಿನ ಬೆಂಚಿನ ಹುಡುಗಿ ಎದ್ದು, 'ಸರ್, ಎರಡೂ ದಾರಿ ಒಂದೇ ಥರ ಸವೆದಿತ್ತು ಅಂತ ಇಲ್ಲಿ ಇದೆಯಲ್ಲ' ಎಂದಳು. ನೋಡಿದರೆ ಇತ್ತು! ಎರಡನೇ ನುಡಿಯಲ್ಲೇ 'ದೋ' ಎಂದು ಶುರುವಾಗಿ, ಜನ ನಡೆದ ಸವೆತ ಎರಡರಲ್ಲೂ ಹೆಚ್ಚುಕಮ್ಮಿ ಒಂದೇ ಎನ್ನುತ್ತದೆ. ಮೂರನೇ ನುಡಿ ಇನ್ನೂ ನೇರ: ಆ ಬೆಳಗ್ಗೆ ಎರಡೂ ದಾರಿಯ ಎಲೆಗಳ ಮೇಲೆ ಯಾರೂ ಕಾಲಿಟ್ಟಿರಲಿಲ್ಲ.

ಹಾಗಾದರೆ ಕೊನೆಯ ನುಡಿ? ಅಲ್ಲಿ ಕಾಲ ಜಿಗಿಯುತ್ತದೆ. ಅಲ್ಲಿಯವರೆಗೆ ಆದದ್ದನ್ನು ಹೇಳುತ್ತಿದ್ದವನು, ಮುಂದೆ ಎಷ್ಟೋ ವರ್ಷ ಕಳೆದ ಮೇಲೆ ಇದನ್ನು ಹೇಗೆ ಹೇಳುತ್ತೇನೆ ಅನ್ನುವುದನ್ನು ಹೇಳುತ್ತಾನೆ. ನಿಟ್ಟುಸಿರು ಬಿಟ್ಟು, 'ಜನ ಕಡಿಮೆ ಓಡಾಡಿದ ದಾರಿ ಹಿಡಿದೆ, ಅದರಿಂದಲೇ ಎಲ್ಲ ಬದಲಾಯಿತು' ಎಂದು ಹೇಳುತ್ತಾನಂತೆ. ಎರಡೂ ಒಂದೇ ಎಂದವನೇ ಮುಂದೆ ಹೀಗೆ ಹೇಳುತ್ತಾನೆ! ನಿವೃತ್ತರಾದ ಮಾವಂದಿರು ಜಗಲಿಯಲ್ಲಿ ಕೂತು ತಮ್ಮ ಹಳೇ ಕತೆಗೆ ಮೆರುಗು ಕೊಡುವುದಿಲ್ಲವೇ, ಹಾಗೆ. ಬದಲಾದದ್ದು ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ಅನ್ನುವುದನ್ನೂ ಪದ್ಯ ಹೇಳುವುದಿಲ್ಲ. ನಿಟ್ಟುಸಿರು ಸಮಾಧಾನದ್ದೋ ಪಶ್ಚಾತ್ತಾಪದ್ದೋ ಅದೂ ತೆರೆದೇ ಇದೆ. ಹೆಸರನ್ನೇ ನೋಡಿ: ಹಿಡಿದ ದಾರಿಯಲ್ಲ, ಬಿಟ್ಟ ದಾರಿ.

ಇಲ್ಲಿನ ತಪ್ಪಿಗೆ ಒಂದೇ ಕಾರಣ. ಕೊನೆಯ ಎರಡು ಸಾಲನ್ನು ನೀತಿಯಂತೆ ಎತ್ತಿಕೊಂಡು, ಅದಕ್ಕೆ ಹೊಂದದ ಸಾಲುಗಳನ್ನು ಕಣ್ಣು ಬಿಟ್ಟುಬಿಡುತ್ತದೆ. ಆದ್ದರಿಂದ ಒಂದು ಪರೀಕ್ಷೆ ಇಟ್ಟುಕೊಳ್ಳಿ. ನೀವು ಹೇಳುವ ಅರ್ಥಕ್ಕೆ ಅಡ್ಡ ಬರುವ ಒಂದು ಸಾಲನ್ನು ಪದ್ಯದಲ್ಲಿ ಬೇಕೆಂದೇ ಹುಡುಕಿ. ಸಿಕ್ಕರೆ ಅರ್ಥವನ್ನು ತಿದ್ದಿ, ಸಾಲನ್ನು ಅಡಗಿಸಬೇಡಿ.

## ಹಂತ 4: ಅಲಂಕಾರದ ಹೆಸರು ಹೇಳಿ ನಿಲ್ಲಬೇಡಿ

ಸಿಮಿಲಿ (ಉಪಮೆ), ಮೆಟಾಫರ್ (ರೂಪಕ), ಪರ್ಸೊನಿಫಿಕೇಶನ್ (ಜಡಕ್ಕೆ ಮನುಷ್ಯ ಗುಣ ಕೊಡುವುದು) ಗುರುತಿಸಿದರೆ ಒಂದು ಅಂಕ ಬರುತ್ತದೆ, ಸರಿ. ದೊಡ್ಡ ಉತ್ತರಕ್ಕೆ ಅಷ್ಟು ಸಾಲದು. 'ಇದೇ ಹೋಲಿಕೆ ಯಾಕೆ, ಬೇರೆ ಯಾಕಲ್ಲ?' ಎಂದು ಕೇಳಬೇಕು.

ಪೋರ್ಶಿಯಾ ದಯೆಯನ್ನು ಆಕಾಶದಿಂದ ಬೀಳುವ ಮೆತ್ತನೆಯ ಮಳೆಗೆ ಹೋಲಿಸುತ್ತಾಳೆ. ಸಿಮಿಲಿ. ಈಗ ಮಳೆ ತೆಗೆದು ಅಲ್ಲಿ ನದಿ ಇಟ್ಟು ನೋಡಿ. ನದಿಗೆ ಅಣೆಕಟ್ಟು ಕಟ್ಟಬಹುದು, ಗೇಟು ಹಾಕಿ ಇಷ್ಟೇ ಬಿಡಿ ಎಂದು ಆಜ್ಞೆ ಮಾಡಬಹುದು. ಮಳೆಗೆ ಯಾರೂ ಆಜ್ಞೆ ಮಾಡಲಾಗದು, ಅದು ಯಾರ ಹೊಲ ಅಂತಲೂ ನೋಡುವುದಿಲ್ಲ. ಬಲವಂತ ಇಲ್ಲ ಎಂದು ಮೊದಲ ಸಾಲಿನಲ್ಲಿ ಹೇಳಿದ್ದನ್ನೇ ಮಳೆ ಮುಂದುವರಿಸುತ್ತದೆ. ಹೀಗೆ ಒಂದು ಹೋಲಿಕೆ ತೆಗೆದು ಇನ್ನೊಂದು ಇಟ್ಟು ನೋಡುವ ಆಟ ಮಕ್ಕಳಿಗೆ ಬೇಗ ಹಿಡಿಸುತ್ತದೆ.

ಪ್ರಾಸದ ಬಗ್ಗೆ ಒಂದು ಮಾತು. ಯಾವ ಸಾಲು ಯಾವ ಸಾಲಿಗೆ ಪ್ರಾಸ ಎಂದು ತೋರಿಸಲು ಎಬಿಎಬಿ ಎಂದು ಬರೆದು ಸುಮ್ಮನಾಗುವುದಾದರೆ ಬರೆಯುವುದೇ ಬೇಡ, ಪ್ರಶ್ನೆಯಲ್ಲಿ ಕೇಳಿದ್ದರೆ ಮಾತ್ರ ಬರೆಯಿರಿ.

## ಹಂತ 5: ನಾಟಕವನ್ನು ಮೂರು ಮೂರು ಮಾತಾಗಿ ಓದಿ

ನಾಟಕದಲ್ಲಿ ಮಾತು ಅಂದರೆ ಕೆಲಸ. ಒಬ್ಬರು ಇನ್ನೊಬ್ಬರಿಂದ ಏನನ್ನೋ ಪಡೆಯಲು ಮಾತಾಡುತ್ತಾರೆ. ಆದ್ದರಿಂದ ಒಂದು ಮಾತನ್ನು ಒಂಟಿಯಾಗಿ ಓದಬೇಡಿ. ಮುಂಚಿನ ಮಾತು, ಈ ಮಾತು, ಆಮೇಲಿನ ಪ್ರತಿಕ್ರಿಯೆ. ಮೂರೂ ಸೇರಿ ಒಂದು ತುತ್ತು.

ಮೊದಲಿಗೆ ಪ್ರತಿ ಮಾತಿನ ಪಕ್ಕದಲ್ಲಿ ಒಂದು ಕ್ರಿಯಾಪದ ಬರೆಯಿರಿ: ಬೇಡುತ್ತಾನೆ, ಕೆಣಕುತ್ತಾಳೆ, ನುಣುಚಿಕೊಳ್ಳುತ್ತಾನೆ. 'ಹೇಳುತ್ತಾನೆ' ಎಂದು ಬರೆಯುವುದು ನಿಷಿದ್ಧ.

ಆಮೇಲೆ ಕೈಗಳನ್ನು ನೋಡಿ. ಪಾತ್ರಗಳ ಕೈಯಲ್ಲಿ ಏನಿದೆ, ಯಾರು ಎಲ್ಲಿ ನಿಂತಿದ್ದಾರೆ? ಪೋರ್ಶಿಯಾ ಒಳಗೆ ಬರುವ ಮುಂಚೆ ಅದೇ ಕೋರ್ಟಿನಲ್ಲಿ ಶೈಲಾಕ್ ಚಾಕು ಮಸೆಯುತ್ತಿರುತ್ತಾನೆ. ಶೇಕ್ಸ್‌ಪಿಯರ್ ಇಂಥದ್ದನ್ನು ರಂಗಸೂಚನೆಯಲ್ಲಿ ಕೊಡುವುದು ಕಡಿಮೆ, ಇನ್ನೊಂದು ಪಾತ್ರದ ಬಾಯಲ್ಲಿ ಹೇಳಿಸುತ್ತಾನೆ. ಇಲ್ಲಿ ಆಂಟೋನಿಯೋನ ಗೆಳೆಯ ಬಸ್ಸಾನಿಯೋ 'ಅಷ್ಟು ಶ್ರದ್ಧೆಯಿಂದ ಚಾಕು ಯಾಕೆ ಮಸೀತಿದ್ದೀಯ' ಎಂದು ಕೇಳುವುದರಿಂದ ನಮಗೆ ಗೊತ್ತಾಗುತ್ತದೆ. ಮಸೆದ ಚಾಕುವಿನ ಎದುರು ನಿಂತು ಆಡಿದ ಮಾತು ಎಂದು ತಿಳಿದ ಮೇಲೆ ಮೆತ್ತನೆಯ ಮಳೆ ಬೇರೆಯೇ ಥರ ಕೇಳಿಸುತ್ತದೆ, ಅಲ್ವಾ?

ಕೊನೆಗೆ, ಆ ಮಾತು ಕೆಲಸ ಮಾಡಿತೇ ಎಂದು ಕೇಳಿ. ಇಷ್ಟು ಚಂದದ ಮಾತಿಗೆ ಶೈಲಾಕ್ ಕರಗುವುದಿಲ್ಲ. ನನ್ನ ಕರ್ಮ ನನ್ನ ತಲೆಗೆ, ನನಗೆ ಕಾನೂನು ಬೇಕು ಎನ್ನುತ್ತಾನೆ. ಭಾಷಣ ಸೋಲುತ್ತದೆ. ಆಮೇಲೆ ಕಾನೂನು ತಿರುಗಿಬಿದ್ದಾಗ ಅದೇ ಕೋರ್ಟು ಅವನ ಆಸ್ತಿಗೆ ಕೈ ಹಾಕುತ್ತದೆ, ಅವನು ಕ್ರೈಸ್ತನಾಗಬೇಕು ಎಂಬ ಷರತ್ತನ್ನೂ ಹೇರುತ್ತದೆ. ಬಲವಂತ ಇಲ್ಲದ ದಯೆ ಎಲ್ಲಿ ಹೋಯಿತು? ಈ ಪ್ರಶ್ನೆಯನ್ನು ಉತ್ತರದಲ್ಲಿ ಎತ್ತುವ ಮಕ್ಕಳು ಕೈಬೆರಳಲ್ಲಿ ಎಣಿಸುವಷ್ಟು. ಎತ್ತಿದವರಿಗೆ ಅಂಕ ಕಡಿಮೆ ಕೊಡಲು ನನಗಂತೂ ಮನಸ್ಸು ಬಂದಿಲ್ಲ.

ಎಚ್ಚರಿಕೆಯ ಗುರುತು: ನಿಮ್ಮ ಉತ್ತರ ಬರೀ ಕತೆ ಹೇಳುತ್ತಿದ್ದರೆ, ಅಂದರೆ 'ಆಮೇಲೆ', 'ಆಮೇಲೆ' ಎಂದು ಸಾಗುತ್ತಿದ್ದರೆ, ನೀವು ನಾಟಕ ಓದಿಲ್ಲ, ಕತೆ ನೆನಪಿಸಿಕೊಂಡಿದ್ದೀರಿ.

## ಹಂತ 6: ಮನವೊಲಿಸುವ ಬರಹದಲ್ಲಿ ಕೇಳುಗರಿಂದ ಶುರು ಮಾಡಿ

ಭಾಷಣ, ಸಂಪಾದಕರಿಗೆ ಪತ್ರ, ಜಾಹೀರಾತು. ಇವುಗಳಲ್ಲಿ ಮಕ್ಕಳು ರಿಪಿಟಿಷನ್ (ಪದೇ ಪದೇ ಹೇಳುವುದು), ರೆಟೊರಿಕಲ್ ಕ್ವೆಶ್ಚನ್ (ಉತ್ತರ ಬಯಸದ ಪ್ರಶ್ನೆ) ಎಂದು ಪಟ್ಟಿ ಮಾಡಿ ಮುಗಿಸುತ್ತಾರೆ. ಪಟ್ಟಿ ಆಮೇಲೆ. ಮೊದಲು, ಬಾಯಿ ತೆರೆಯುವ ಮುಂಚೆ ಕೇಳುಗರ ಮನಸ್ಸು ಹೇಗಿತ್ತು? ಮುಗಿದ ಮೇಲೆ ಹೇಗಾಯಿತು? ನಡುವೆ ಯಾವ ಮೆಟ್ಟಿಲುಗಳಿವೆ?

'ಜೂಲಿಯಸ್ ಸೀಸರ್' ಮೂರನೇ ಅಂಕದ ಎರಡನೇ ದೃಶ್ಯಕ್ಕಿಂತ ಒಳ್ಳೆಯ ಅಭ್ಯಾಸ ನನಗೆ ಗೊತ್ತಿಲ್ಲ. ಸೀಸರನನ್ನು ಕೊಂದ ಬ್ರೂಟಸ್ ಮೊದಲು ಮಾತಾಡುತ್ತಾನೆ, ಗದ್ಯದಲ್ಲಿ, ಅಳೆದು ತೂಗಿ. ಜನ ಒಪ್ಪುತ್ತಾರೆ. ಸೀಸರನ ಗೆಳೆಯ ಆಂಟನಿ ಮೇಲೇರುವಾಗ 'ಸೀಸರ್ ಕ್ರೂರಿಯಾಗಿದ್ದ, ಪೀಡೆ ತೊಲಗಿತು', 'ಇವನು ಬ್ರೂಟಸ್ ಬಗ್ಗೆ ಕೆಟ್ಟದ್ದು ಆಡದಿದ್ದರೆ ಒಳ್ಳೆಯದು' ಎಂದು ಜನ ಗೊಣಗುತ್ತಿರುತ್ತಾರೆ. ಇದು ಆಂಟನಿಯ ಆರಂಭದ ಮೆಟ್ಟಿಲು. ಎದುರಿಗಿರುವುದು ಅವನ ಕಡೆಯವರಲ್ಲ.

ಅದಕ್ಕೇ ಅವನು 'ಸೀಸರನನ್ನು ಹೊಗಳಲು ಬಂದಿಲ್ಲ, ಹೂಳಲು ಬಂದಿದ್ದೇನೆ' ಎನ್ನುತ್ತಾನೆ. ಬ್ರೂಟಸ್ ಗೌರವಸ್ಥ ಎನ್ನುತ್ತಾನೆ. ಹೆಚ್ಚಿನ ಉತ್ತರಗಳಲ್ಲಿ 'ಆಂಟನಿ ವ್ಯಂಗ್ಯವಾಗಿ ಗೌರವಸ್ಥ ಎನ್ನುತ್ತಾನೆ' ಎಂದು ಒಂದೇ ಏಟಿಗೆ ಬರೆದಿರುತ್ತಾರೆ. ಮೊದಲ ಸಲ ಆ ಪದ ಜನರಿಗೆ ವ್ಯಂಗ್ಯವಾಗಿ ಕೇಳಿಸಿದ್ದರೆ ಅವನನ್ನು ಅಲ್ಲೇ ಕೆಳಗಿಳಿಸುತ್ತಿದ್ದರು. ಸೀಸರ್ ಸೆರೆಯಾಳುಗಳ ಒತ್ತೆ ಹಣದಿಂದ ಬೊಕ್ಕಸ ತುಂಬಿಸಿದ, ಬಡವರು ಅತ್ತಾಗ ಅತ್ತ, ಕಿರೀಟವನ್ನು ಮೂರು ಸಲ ಬೇಡವೆಂದ. ಒಂದೊಂದು ಸಾಕ್ಷಿಯ ನಂತರವೂ ಅದೇ ಪದ ಬರುತ್ತದೆ, ಬರುಬರುತ್ತಾ ಹುಳಿಯಾಗುತ್ತದೆ. ಪದ ಅದೇ, ಕೇಳುವ ಕಿವಿ ಬದಲಾಗಿದೆ. ಎದುರಾಳಿಯನ್ನು ಹೊಗಳುತ್ತಲೇ ಕಟ್ಟಿಹಾಕುವ ಅರ್ಥಧಾರಿಯನ್ನು ತಾಳಮದ್ದಳೆಯಲ್ಲಿ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಪುಟದ ಬಲಗಡೆ ಜನರ ಪ್ರತಿಕ್ರಿಯೆಗಳನ್ನು ಮಾತ್ರ ಬರೆದುಕೊಳ್ಳುತ್ತಾ ಹೋಗಿ. 'ಇವನ ಮಾತಲ್ಲಿ ನ್ಯಾಯ ಇದ್ದಂಗಿದೆ' ಎನ್ನುವಲ್ಲಿಂದ 'ಸುಡಿ, ಕೊಲ್ಲಿ' ಎನ್ನುವವರೆಗೆ. ಆಮೇಲೆ ಎಡಗಡೆ, ಪ್ರತಿ ಬದಲಾವಣೆಗೆ ಮುಂಚೆ ಆಂಟನಿ ಏನು ಮಾಡಿದ ಎಂದು ತುಂಬಿ. ಸೀಸರನ ಉಯಿಲು ತೋರಿಸಿ ಓದಲಾರೆ ಎಂದ. ಕೆಳಗಿಳಿದು ಬಂದ. ಸೀಸರನ ತೂತುಬಿದ್ದ ಮೇಲಂಗಿ ತೋರಿಸಿದ. ಜನ ರೊಚ್ಚಿಗೆದ್ದು ಓಡುವಾಗ 'ಉಯಿಲು ಮರೆತಿರಲ್ಲ' ಎಂದು ತಡೆದ. ಆಗ ಓದಿದ: ಪ್ರತಿ ನಾಗರಿಕನಿಗೆ 75 ಡ್ರಾಕ್ಮಾ (ಆ ಕಾಲದ ಬೆಳ್ಳಿ ನಾಣ್ಯ). ಹಣದ ಮಾತು ಕೊನೆಗೆ ಯಾಕೆ ಬಂತು? ನಿಮ್ಮ ಉತ್ತರ ಅಲ್ಲಿಂದ ಶುರುವಾಗಬಹುದು.

ಇದೇ ಕ್ರಮ ನಿಜ ಜೀವನದ ಭಾಷಣಕ್ಕೂ ಸಲ್ಲುತ್ತದೆ. 1947ರ ಆಗಸ್ಟ್ 14ರ ರಾತ್ರಿ ಸಂವಿಧಾನ ಸಭೆಯಲ್ಲಿ ನೆಹರೂ, ಮಧ್ಯರಾತ್ರಿಯ ಗಂಟೆ ಬಡಿದಾಗ, ಜಗತ್ತು ಮಲಗಿರುವಾಗ ಭಾರತ ಎಚ್ಚರಗೊಳ್ಳುತ್ತದೆ ಎಂದರು. ಲೆಕ್ಕ ಹಾಕಿದರೆ ಆಗ ಲಂಡನ್ನಿನಲ್ಲಿ ಸಂಜೆ, ನ್ಯೂಯಾರ್ಕಿನಲ್ಲಿ ಮಧ್ಯಾಹ್ನ. 'ತಪ್ಪು' ಎಂದು ಅಲ್ಲಿಗೇ ಬಿಡಬೇಡಿ. ಇಷ್ಟು ದಿನ ಮಲಗಿದ್ದವರು ಎಂದು ಯಾರನ್ನು ಕರೆಯುತ್ತಿದ್ದರು, ಈಗ ಯಾರನ್ನು ಮಲಗಿಸಿದರು ಎಂದು ಕೇಳಿ. ಅದೇ ಭಾಷಣದಲ್ಲಿ ಮಾತು ಉಳಿಸಿಕೊಳ್ಳುತ್ತಿದ್ದೇವೆ, ಪೂರ್ತಿಯಾಗಿ ಅಲ್ಲ, ಬಹುಮಟ್ಟಿಗೆ ಎಂಬ ಒಪ್ಪಿಗೆಯೂ ಇದೆ. ದೇಶ ಎರಡಾದ ರಾತ್ರಿ ಅದು. ಒಳ್ಳೆಯ ಭಾಷಣದಲ್ಲಿ ಇಂಥ ಒಂದು ಒಪ್ಪಿಗೆಯ ಸಾಲು ಎಲ್ಲೋ ಇರುತ್ತದೆ. ಅದನ್ನು ಹುಡುಕಿ ಗೆರೆ ಹಾಕಿ.

ಮನೆಯಲ್ಲಿ ಅಭ್ಯಾಸಕ್ಕೆ ಬಸ್‌ಸ್ಟ್ಯಾಂಡಿನ ಟ್ಯೂಷನ್ ಫ್ಲೆಕ್ಸ್ ಸಾಕು. 'ಶೇಕಡಾ 100 ಫಲಿತಾಂಶ' ಎಂದಿದ್ದರೆ ಎಷ್ಟು ಮಕ್ಕಳಲ್ಲಿ ಎಂದು ಹೇಳಿದ್ದಾರೆಯೇ? ಹೇಳದೆ ಬಿಟ್ಟದ್ದು ಏನು?

## ಹಂತ 7: ಈಗ ಅರ್ಥ, ಈಗ ಉತ್ತರ

ಎಲ್ಲ ಗೀಚಾಟ ಮುಗಿದ ಮೇಲೆ ಒಂದೇ ವಾಕ್ಯ ಬರೆಯಿರಿ. ಕನ್ನಡದಲ್ಲೇ ಬರೆಯಿರಿ, ಯೋಚನೆ ಸಲೀಸಾಗುತ್ತದೆ. ಉದಾಹರಣೆಗೆ: 'ಎರಡೂ ದಾರಿ ಒಂದೇ ಥರ ಇದ್ದವು, ಆದರೂ ತನ್ನ ಆಯ್ಕೆಗೆ ಮುಂದೆ ದೊಡ್ಡ ಕಾರಣ ಕಟ್ಟುತ್ತೇನೆ ಎಂದು ಹೇಳುವವನಿಗೆ ಈಗಲೇ ಗೊತ್ತಿದೆ.' ಆಮೇಲೆ ಅದನ್ನು ಎರಡು ಮೂರು ಚಿಕ್ಕ ಇಂಗ್ಲಿಷ್ ವಾಕ್ಯಗಳಾಗಿ ಒಡೆಯಿರಿ. ಉದ್ದ ಕನ್ನಡ ವಾಕ್ಯವನ್ನು ಹಾಗೇ ಇಂಗ್ಲಿಷಿಗೆ ಎಳೆದರೆ ನಡುವೆ ಎಲ್ಲೋ ಕೈಕೊಡುತ್ತದೆ.

ಪ್ರತಿ ಪ್ಯಾರಾದಲ್ಲಿ ಮೂರು ಇರಲಿ: ನೀವು ಹೇಳುವ ಮಾತು, ಅದಕ್ಕೆ ಆಧಾರವಾದ ಪಾಠದ ಎರಡು ಮೂರು ಪದ, ಆ ಪದ ಏನು ಮಾಡುತ್ತದೆ ಎಂಬ ವಿವರಣೆ. ನಾಲ್ಕು ಸಾಲು ಇಡಿಯಾಗಿ ನಕಲು ಮಾಡುವುದು ಆಧಾರವಲ್ಲ, ಜಾಗ ತುಂಬಿಸುವುದು. ಮೂರನೆಯದೇ ಮುಖ್ಯ, ಮಕ್ಕಳು ಬಿಡುವುದೂ ಅದನ್ನೇ.

ಬರೆದ ಮೇಲೆ ಕವಿಯ ಹೆಸರು, ಪದ್ಯದ ಹೆಸರು ಎರಡನ್ನೂ ಬೆರಳಿನಿಂದ ಮುಚ್ಚಿ ಓದಿ. ಅದೇ ಉತ್ತರ ಇನ್ನೊಂದು ಪದ್ಯಕ್ಕೂ ಹೊಂದುತ್ತಿದ್ದರೆ ಮೊದಲ ಹಂತಕ್ಕೆ ವಾಪಸ್. ಕವಿ ಹುಟ್ಟಿದ ಊರು, ಪಡೆದ ಪ್ರಶಸ್ತಿ ಇವುಗಳಿಗೆ ಎರಡು ಸಾಲಿಗಿಂತ ಜಾಸ್ತಿ ಹೋಗಿದ್ದರೂ ಹೊಡೆದುಹಾಕಿ.

ಪರೀಕ್ಷೆಯಲ್ಲಿ ಕಾಣದ ಪದ್ಯ ಬಂದರೆ ಎಲ್ಲ ಹಂತಕ್ಕೂ ಸಮಯ ಸಿಗುವುದಿಲ್ಲ. ಹತ್ತು ನಿಮಿಷ ಇದ್ದರೆ ಎರಡು ನಿಮಿಷ ಯಾರು–ಯಾರಿಗೆ, ಎರಡು ನಿಮಿಷ ಹೊರಳುವ ಜಾಗ, ಒಂದು ನಿಮಿಷ ವಿಚಿತ್ರವಾಗಿ ಕಂಡ ಒಂದು ಪದ, ಉಳಿದ ಐದು ಬರೆಯಲು. ಗಾಬರಿಯಲ್ಲಿ ಒಂದನ್ನು ಬಿಡಲೇಬೇಕಾದರೆ ಪದವನ್ನು ಬಿಡಿ, ಯಾರು–ಯಾರಿಗೆ ಬಿಡಬೇಡಿ.